ಸೋರುವುದು ಒಂದು ಕಡೆ, ಸಿಲಿಕಾನ್ ಹಚ್ಚುವುದು ಇನ್ನೊಂದು ಕಡೆ

ಕಳೆದ ವರ್ಷ ಜೂನ್‌ನಲ್ಲಿ ಮಳೆ ಹಿಡಿದು ನಾಲ್ಕೈದು ದಿನವಾಗಿರಬಹುದು. ಅಮ್ಮ ಕಾರಿನ ಮುಂದಿನ ಎಡ ಸೀಟಿನಲ್ಲಿ ಕೂತು, ಅಭ್ಯಾಸದಂತೆ ಚಪ್ಪಲಿ ಬಿಚ್ಚಿ ಕಾಲಿಟ್ಟವರೇ "ಇದೆಂಥದ್ದು ಮಾರಾಯ, ಗದ್ದೆಗೆ ಇಳಿದ ಹಾಗೆ ಉಂಟಲ್ಲ" ಅಂದರು. ಮ್ಯಾಟ್ ಎತ್ತಿದರೆ ಕಾರ್ಪೆಟ್ ಹಿಂಡುವಷ್ಟು ಒದ್ದೆ. ಅಡಿಕೆ ಮಾರಿದ ದುಡ್ಡಲ್ಲಿ ಅಪ್ಪ ತೆಗೆದುಕೊಂಡ ಸೆಕೆಂಡ್ ಹ್ಯಾಂಡ್ ಕಾರು ಅದು. ರಾತ್ರಿ ಹೊತ್ತು ಅಕ್ಕಪಕ್ಕದ ನಾಲ್ಕು ಮನೆಯವರಿಗೂ ಆಸ್ಪತ್ರೆಗೆ ಹೋಗಲಿಕ್ಕೆ ಇರುವುದು ಅದೊಂದೇ.

ಆಮೇಲಿನ ಒಂದು ತಿಂಗಳನ್ನು ನೆನೆಸಿದರೆ ಈಗಲೂ ಸಿಟ್ಟು ಬರುತ್ತದೆ. ಮೊದಲ ಗ್ಯಾರೇಜಿನಲ್ಲಿ ಮುಂದಿನ ಗಾಜಿನ ಸುತ್ತ ಸಿಲಿಕಾನ್ ಎಳೆದು 600 ರೂಪಾಯಿ ತೆಗೆದುಕೊಂಡರು. ಎರಡನೆಯವರು ಬಾಗಿಲಿನ ರಬ್ಬರ್ ಬದಲಿಸಿ 1,800 ಪಡೆದರು. ಪೇಟೆಯ ಸರ್ವಿಸ್ ಸೆಂಟರಿನವರು ಗಾಜು ತೆಗೆದು ಕೂರಿಸಬೇಕು, ಕಾರ್ಪೆಟ್ ಪೂರ್ತಿ ಹೊಸದು ಹಾಕಬೇಕು ಅಂತ 14,000ದ ಅಂದಾಜು ಕೊಟ್ಟರು. ಮೂರು ಕಡೆಯಲ್ಲೂ ಒಬ್ಬರೇ ಒಬ್ಬರು ಕಾರಿನೊಳಗೆ ಕೂತು, ಹೊರಗಿನಿಂದ ನೀರು ಬಿಡಿಸಿ, ಎಲ್ಲಿಂದ ಬರುತ್ತದೆ ಅಂತ ನೋಡಲಿಲ್ಲ.

ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಹಂಚು ಒಡೆದದ್ದು ಎಲ್ಲೋ, ನೀರು ರೀಪು ಹಿಡಿದು ಹರಿದು ಬಂದು ತೊಟ್ಟಿಕ್ಕುವುದು ಇನ್ನೆಲ್ಲೋ. ಅದಕ್ಕೇ ಅಪ್ಪ ಮಳೆ ಬರುವಾಗಲೇ ಟಾರ್ಚ್ ಹಿಡಿದು ಅಟ್ಟ ಹತ್ತುತ್ತಿದ್ದರು. ಕಾರಿನಲ್ಲೂ ಅಷ್ಟೇ. ಗಾಜಿನ ಮೇಲಿನ ಮೂಲೆಯಲ್ಲಿ ಒಳಬಂದ ನೀರು ಕಂಬದೊಳಗೆ ಇಳಿದು ಕಾಲಬುಡದಲ್ಲಿ ಕಾಣಿಸುತ್ತದೆ. ಹಿಂದಿನ ಲೈಟಿನ ಗ್ಯಾಸ್ಕೆಟ್‌ನಿಂದ ನುಸುಳಿದ್ದು ಸ್ಟೆಪ್ನಿ ಗುಂಡಿಯಲ್ಲಿ ಕೆರೆಯಾಗಿ ನಿಲ್ಲುತ್ತದೆ.

ಕೊನೆಗೆ ಒಂದು ಭಾನುವಾರ ಚಿಕ್ಕಪ್ಪನ ಮಗನೂ ನಾನೂ ಸೇರಿ ಹುಡುಕಿದೆವು. ಮೊದಲ ಪ್ರಶ್ನೆ, ಇದು ಯಾವ ನೀರು? ಬಿಸಿಲಲ್ಲೂ ಎಸಿ ಹಾಕಿದಾಗ ಒದ್ದೆಯಾದರೆ ಎಸಿಯ ಡ್ರೈನ್ ಪೈಪ್ ಕಟ್ಟಿಕೊಂಡಿದೆ ಅಂತ ಅರ್ಥ. ಕಾಲು ಗಂಟೆ ಎಸಿ ಓಡಿಸಿದರೆ ಕಾರಿನಡಿ ನೀರು ತೊಟ್ಟಿಕ್ಕಬೇಕು. ಅಂಟಂಟಾಗಿ, ಸಿಹಿ ವಾಸನೆಯಿದ್ದು, ಗಾಜಿನ ಒಳಬದಿ ಮಂಜು ಕಟ್ಟಿದರೆ ಅದು ಹೀಟರಿನಿಂದ ಸೋರುವ ಕೂಲೆಂಟ್ (ನೆಕ್ಕಿ ನೋಡಬೇಡಿ, ವಿಷ). ನಮ್ಮದು ಎರಡೂ ಅಲ್ಲ, ಅಪ್ಪಟ ಮಳೆನೀರು.

ಕಾರ್ಪೆಟ್ ಎತ್ತಿದಾಗ ಗಾಬರಿಯಾಯಿತು. ಮೇಲೆ ಒಣಗಿದಂತೆ ಕಂಡರೂ ಅಡಿಯ ದಪ್ಪ ಸ್ಪಂಜು ನೀರು ಕುಡಿದು ಕೂತಿತ್ತು. ಆ ಸ್ಪಂಜಿನಡಿಯಲ್ಲೇ ವೈರುಗಳು ಹಾದುಹೋಗುತ್ತವೆ. ಹಲವು ಕಾರುಗಳಲ್ಲಿ ಏರ್‌ಬ್ಯಾಗಿನ ನಿಯಂತ್ರಣ ಪೆಟ್ಟಿಗೆಯೂ ಗೇರಿನ ಆಸುಪಾಸು, ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಅಷ್ಟರಲ್ಲಿ ನಮ್ಮ ಏರ್‌ಬ್ಯಾಗ್ ದೀಪ ಉರಿಯಲು ಶುರುವಾಗಿ ವಾರವಾಗಿತ್ತು. ಸೀಟಿನಡಿಯ ಒಂದು ಕನೆಕ್ಟರ್ ಹಸಿರು ಕಿಲುಬು ಹಿಡಿದಿತ್ತು. ಈ ದೀಪವನ್ನು ನಾವು "ಅದು ಹಾಗೇ ಇರ್ತದೆ" ಅಂತ ಬಿಡುತ್ತೇವಲ್ಲ, ದಯವಿಟ್ಟು ಬಿಡಬೇಡಿ. ಹೆಚ್ಚಿನ ಕಾರುಗಳಲ್ಲಿ ಆ ದೀಪ ಉರಿಯುವಾಗ ಅಪಘಾತವಾದರೆ ಏರ್‌ಬ್ಯಾಗ್ ತೆರೆದೀತೆಂಬ ಭರವಸೆಯಿಲ್ಲ.

ಎರಡು ದಿನ ಫ್ಯಾನ್ ಹಾಕಿ ಒಣಗಿಸಿ, ನೆಲದ ತಗಡಿಗೂ ಅಂಚುಗಳಿಗೂ ಟಾಲ್ಕಂ ಪೌಡರ್ ಉದುರಿಸಿದೆವು. ನೀರು ಹರಿದರೆ ಗೆರೆ ಬೀಳುತ್ತದೆ. ಅವನು ಟಾರ್ಚ್ ಹಿಡಿದು ಒಳಗೆ ಮಡಚಿಕೊಂಡ, ನಾನು ತೋಟದ ಪೈಪ್ ಹಿಡಿದೆ. ಪ್ರೆಶರ್ ವಾಷರ್ ಬೇಡ, ಅದು ಸರಿಯಿರುವ ರಬ್ಬರಿನೊಳಗೂ ನೀರು ನುಗ್ಗಿಸಿ ಸುಳ್ಳು ಉತ್ತರ ಕೊಡುತ್ತದೆ. ಕೆಳಗಿನಿಂದ ಶುರುಮಾಡಿ ಒಂದೊಂದೇ ಜಾಗಕ್ಕೆ ಐದು ನಿಮಿಷ ಸುಮ್ಮನೆ ನೀರು ಬಿಟ್ಟು ಮೇಲೇರಬೇಕು. ಮೊದಲೇ ಚಾವಣಿಗೆ ಸುರಿದರೆ ನೀರು ಎಲ್ಲ ಕಡೆ ಇಳಿದು ಏನೂ ಗೊತ್ತಾಗುವುದಿಲ್ಲ. ಬಾಗಿಲಿಗೆ ಬಿಟ್ಟೆ, ಇಲ್ಲ. ಗಾಜಿನ ಬುಡಕ್ಕೆ, ವೈಪರ್ ಕೆಳಗಿನ ಕಪ್ಪು ಜಾಲರಿಗೆ ಬಿಟ್ಟು ಮೂರು ನಿಮಿಷವಾಗಿರಬೇಕು, ಒಳಗಿನಿಂದ ಕೂಗಿದ: "ಬ್ಲೋವರ್‌ನಿಂದ ಬರ್ತಾ ಉಂಟು!"

ಜಾಲರಿ ಬಿಚ್ಚಿದರೆ ಒಳಗೆ ಗೊಬ್ಬರದ ಗುಂಡಿ. ಹಲಸಿನ ಎಲೆ, ಮಾವಿನ ಹೂ, ಮಣ್ಣು ಎಲ್ಲ ಕೊಳೆತು ಎರಡೂ ತುದಿಯ ತೂತುಗಳನ್ನು ಮುಚ್ಚಿತ್ತು. ಹೊರಗೆ ಹೋಗಬೇಕಾದ ನೀರು ತುಂಬಿ, ಗಾಳಿ ಒಳಬರುವ ದಾರಿಯಲ್ಲಿ ಕಾರಿನೊಳಗೆ ಇಳಿಯುತ್ತಿತ್ತು. ಕಾರು ನಿಲ್ಲಿಸುವುದು ಹಲಸಿನ ಮರದಡಿ, ತಪ್ಪು ನಮ್ಮದೂ ಹೌದು. ಕೈಯಲ್ಲಿ ಬಾಚಿ ತೆಗೆದೆವು. ಖರ್ಚು ಸೊನ್ನೆ.

ಸಿಲಿಕಾನ್ ಮೇಲೆ ನನಗಿರುವ ಕೋಪ ಬರೀ 600 ರೂಪಾಯಿಯದ್ದಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ವಿನೆಗರ್ ವಾಸನೆಯ ಸಿಲಿಕಾನ್ ಒಣಗುವಾಗ ಆಮ್ಲ ಬಿಡುತ್ತದೆ. ಬಣ್ಣ ಕಿತ್ತ ಕಬ್ಬಿಣವಿದ್ದರೆ ತುಕ್ಕು ಹಿಡಿಸುತ್ತದೆ. ಮುಂದೆ ನಿಜವಾಗಿ ಗಾಜು ತೆಗೆದು ಅಂಟಿಸಬೇಕಾದಾಗ ಅದನ್ನು ಪೂರ್ತಿ ಕೆರೆಯದಿದ್ದರೆ ಸರಿಯಾದ ಅಂಟೂ ಹಿಡಿಯುವುದಿಲ್ಲ.

ಆದರೆ ಬರೀ ಮೆಕ್ಯಾನಿಕ್‌ಗಳನ್ನು ಬೈದು ಮುಗಿಸಲಿಕ್ಕೆ ಮನಸ್ಸಿಲ್ಲ. ಊರಿನ ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕು, "ಎರಡು ಗಂಟೆ ನೀರು ಬಿಟ್ಟು ಕೂತರೆ ಯಾರು ಕೊಡ್ತಾರೆ ಹೇಳಿ? ಎಂಥ ಹಾಕಿದ್ರಿ ಅಂತ ಕೇಳ್ತೀರಿ. ಏನಾದ್ರೂ ಹಾಕಿದ್ದು ಕಾಣಬೇಕಲ್ಲ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಡಾಕ್ಟರಿಗೆ ನೋಡಿದ್ದಕ್ಕೆ ಫೀಸ್ ಕೊಡುತ್ತೇವೆ, ಮೆಕ್ಯಾನಿಕ್‌ಗೆ ಮಾತ್ರ ಪಾರ್ಟ್ ಹಾಕಿದ್ದಕ್ಕೆ. ಹುಡುಕುವ ಕೆಲಸಕ್ಕೆ ಗ್ಯಾರೇಜುಗಳು ಗಂಟೆಗಿಷ್ಟು ಅಂತ ಬೋರ್ಡ್ ಹಾಕಲಿ, ನಾವು ಚೌಕಾಸಿ ಮಾಡದೆ ಕೊಡೋಣ. ಮಳೆಗಾಲದ ಮುಂಚಿನ ಸರ್ವಿಸ್ ಬಿಲ್ಲಿನಲ್ಲಿ ಪಾಲಿಶ್, ಪರ್‌ಫ್ಯೂಮ್ ಎಲ್ಲ ಇರುತ್ತದೆ. ನೀರು ಹೋಗುವ ತೂತು ಬಿಡಿಸಿದ ಒಂದು ಸಾಲು ನಾನಂತೂ ಕಂಡಿಲ್ಲ. ಸನ್‌ರೂಫ್ ಇರುವವರಿಗೆ ಇನ್ನೂ ಮುಖ್ಯ. ಅದರ ಸುತ್ತ ಇಳಿದ ನೀರನ್ನು ಹೊರಹಾಕಲೆಂದೇ ಸಣ್ಣ ಪೈಪುಗಳಿರುತ್ತವೆ, ಅವು ಕಟ್ಟಿದರೆ ನೀರು ತಲೆಯ ಮೇಲೆಯೇ.

ಆಗಸ್ಟ್‌ನಲ್ಲಿ ಹಿಂದಿನ ಬಲ ಸೀಟಿನ ಕೆಳಗೆ ಮತ್ತೆ ಒದ್ದೆ ಕಂಡಿತು. ಈ ಸಲ ಅದೇ ಮೆಕ್ಯಾನಿಕ್ ಬಳಿ ಹೋಗಿ, ರಿಪೇರಿ ಬೇಡ, ಹುಡುಕಿ ಕೊಡಿ ಸಾಕು, 300 ಕೊಡುತ್ತೇನೆ ಅಂದೆ. ಬಾಗಿಲಿನ ಒಳಕವಚ ಬಿಚ್ಚಿ ತೋರಿಸಿದರು. ಗಾಜಿನ ಸಂದಿಯಲ್ಲಿ ಬಾಗಿಲಿನೊಳಗೆ ನೀರಿಳಿಯುವುದು ಸಹಜ, ಅದು ಬುಡದ ತೂತಿನಿಂದ ಹೊರಹೋಗಬೇಕು. ಒಳಗೆ ಬಾರದಂತೆ ತಡೆಯುವ ಪ್ಲಾಸ್ಟಿಕ್ ಹಾಳೆಯನ್ನು, ಹಿಂದಿನ ಮಾಲೀಕರ ಕಾಲದಲ್ಲಿ ಸ್ಪೀಕರ್ ಕೂರಿಸಿದವರು ಬ್ಲೇಡಿನಿಂದ ಸೀಳಿ ಹಾಗೇ ಬಿಟ್ಟಿದ್ದರು. ಟೇಪ್ ಹಾಕಿ ಅಂಟಿಸಿದ್ದಕ್ಕೆ ಅವರು ಬೇರೆ ದುಡ್ಡು ಕೇಳಲಿಲ್ಲ.

ಮನೆಗೆ ಬಂದಾಗ ಅಪ್ಪ "ಎಂಥ ಹಾಕಿದ?" ಅಂದರು. ಏನೂ ಹಾಕಿಲ್ಲ, ನೋಡಿದ್ದಕ್ಕೆ 300 ಕೊಟ್ಟೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಟ್ಟದ ಕಡೆ ನೋಡಿ, "ಹಾಗಾದ್ರೆ ನನಗೆ ಎಷ್ಟು ಬರಬೇಕಿತ್ತು ಇಷ್ಟು ವರ್ಷದ್ದು?" ಅಂದರು.