ಬಸದಿಗೆ ಎಂಥ ಉಡುಪು? ಅಳತೆಪಟ್ಟಿಯಾಚೆಗಿನ ಪ್ರಶ್ನೆ

2023ರ ಜೂನ್‌ನಲ್ಲಿ ಶಿಮ್ಲಾದ ದಿಗಂಬರ ಜೈನ ಮಂದಿರದ ಹೊರಗೆ ಒಂದು ಸೂಚನಾ ಫಲಕ ಹಾಕಲಾಯಿತು. ತುಂಡುಡುಗೆ, ಅರ್ಧ ಪ್ಯಾಂಟ್, ಹರಿದ ಜೀನ್ಸ್ ತೊಟ್ಟು ಒಳಗೆ ಬರಬಾರದು ಎಂಬುದು ಅದರ ಸಾರ. 2024ರ ಜನವರಿಯಲ್ಲಿ ಹಂಪಿಯ ವಿರೂಪಾಕ್ಷ ದೇವಾಲಯದಲ್ಲೂ ವಸ್ತ್ರಸಂಹಿತೆ ಜಾರಿಗೆ ಬಂತು. ಇಂಥ ಸುದ್ದಿ ಬಂದಾಗಲೆಲ್ಲ ಜೈನ ಮನೆಗಳಲ್ಲೂ ಮಾತು ಏಳುತ್ತದೆ. ಹಿರಿಯರಿಗೆ ಇದು ಸಭ್ಯತೆಯ ಪ್ರಶ್ನೆ. ಕಿರಿಯರಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ನಿಯಮವೆಲ್ಲ ತಮ್ಮತ್ತಲೇ ಬೊಟ್ಟು ಮಾಡಿದಂತೆ ಕಾಣುತ್ತದೆ.

ಜಿನಾಲಯದಲ್ಲಿ ಮನಸ್ಸು ದರ್ಶನದತ್ತ ನಿಲ್ಲಬೇಕು, ಉಡುಪು ಅದಕ್ಕೆ ಅಡ್ಡಿಯಾಗಬಾರದು ಎಂಬುದನ್ನು ಅಲ್ಲಗಳೆಯುವವರು ಕಡಿಮೆ. ಆದರೆ ಚರ್ಚೆ ಬಟ್ಟೆಯ ಉದ್ದಕ್ಕೇ ನಿಂತುಬಿಡುತ್ತದೆ. ಜೈನ ಆಚಾರದ ಕಣ್ಣಿನಲ್ಲಿ ಉಡುಪಿಗೆ ಇನ್ನೂ ಎರಡು ಅಳತೆಗಳಿವೆ: ಆ ಬಟ್ಟೆ ಹೇಗೆ ತಯಾರಾಯಿತು, ಮತ್ತು ಅಂಥವು ಬೀರುವಿನಲ್ಲಿ ಎಷ್ಟಿವೆ.

ಮೊದಲನೆಯದು ಅಹಿಂಸೆಯ ಮಾತು. ಪೂಜೆ, ವಿವಾಹ, ಪಂಚಕಲ್ಯಾಣಗಳಲ್ಲಿ ಅತ್ಯಂತ ಗೌರವದ ಉಡುಪು ಎನಿಸಿಕೊಂಡಿರುವುದು ರೇಷ್ಮೆ. ಆದರೆ ರೇಷ್ಮೆಹುಳು ಚಿಟ್ಟೆಯಾಗಿ ಗೂಡು ಸೀಳಿ ಹೊರಬಂದರೆ ಎಳೆ ತುಂಡಾಗುತ್ತದೆ. ಆದ್ದರಿಂದ ಜೀವ ಒಳಗಿರುವಾಗಲೇ ಗೂಡನ್ನು ಬಿಸಿಗೆ ಒಡ್ಡಿ, ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ಒಂದು ಸೀರೆಗೆ ಬೇಕಾಗುವುದು ಸಾವಿರಾರು ಗೂಡು. ಸೂರ್ಯಾಸ್ತದ ನಂತರ ಊಟ ಮಾಡದ, ಗಡ್ಡೆ ತರಕಾರಿ ಬಿಟ್ಟ ಮನೆಯಲ್ಲೂ ಈ ಲೆಕ್ಕ ಸಾಮಾನ್ಯವಾಗಿ ಯಾರ ಬಾಯಲ್ಲೂ ಬರುವುದಿಲ್ಲ.

ದಾರಿಗಳಿಲ್ಲ ಎಂದಲ್ಲ. ಆಂಧ್ರದ ಕೈಮಗ್ಗ ಸಂಸ್ಥೆಯಲ್ಲಿದ್ದ ಕುಸುಮ ರಾಜಯ್ಯ ಅವರು ಚಿಟ್ಟೆ ಹೊರಬಂದ ಮೇಲಿನ ಗೂಡುಗಳಿಂದ ನೂಲು ತೆಗೆದು 'ಅಹಿಂಸಾ ರೇಷ್ಮೆ' ನೇಯಿಸಿದರು. ಅದು ಬೆಲೆಯಲ್ಲಿ ಹೆಚ್ಚು, ಹೊಳಪಿನಲ್ಲಿ ಕಡಿಮೆ. ಹತ್ತಿ ಇದಕ್ಕಿಂತ ಸುಲಭದ ಆಯ್ಕೆ. ಆರ್ಯಿಕೆಯರು ಉಡುವುದು ಬಿಳಿಯ ಹತ್ತಿ ಸೀರೆಯನ್ನೇ. ಜೈನರ ನೆಲೆಯಾದ ಕಾರ್ಕಳದಲ್ಲಿ ಕದಿಕೆ ಟ್ರಸ್ಟ್ ಉಡುಪಿ ಹತ್ತಿ ಸೀರೆಯ ನೇಕಾರಿಕೆಗೆ ಮತ್ತೆ ಜೀವ ತುಂಬಲು ದುಡಿಯುತ್ತಿದೆ. ಅಂಥ ಸೀರೆ ಕೊಂಡರೆ ನೇಕಾರರ ಮನೆಗೂ ಅನ್ನವಾಗುತ್ತದೆ.

ಹಾಗೆಂದು ರೇಷ್ಮೆಯುಟ್ಟವರನ್ನು ಹಳಿಯುವುದು ಸಲ್ಲದು. ಕರ್ನಾಟಕವು ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ಉತ್ಪಾದಿಸುವ ರಾಜ್ಯ. ರಾಮನಗರ, ಶಿಡ್ಲಘಟ್ಟದ ಕಡೆ ಎಷ್ಟೋ ರೈತ ಕುಟುಂಬಗಳ ಬದುಕು ಅದರ ಮೇಲಿದೆ. ಅಜ್ಜಿ ಕೊಟ್ಟ ಧಾರೆ ಸೀರೆಯನ್ನು ಎಸೆದರೆ ಹೋದ ಜೀವ ಮರಳದು. ಇರುವುದನ್ನು ಜೋಪಾನವಾಗಿ ಬಳಸಿ, ಹೊಸದನ್ನು ಕೊಳ್ಳುವಾಗ ಯೋಚಿಸುವುದು ಹೆಚ್ಚು ಅರ್ಥಪೂರ್ಣ.

ಎರಡನೆಯದು ಪರಿಮಾಣ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಒಮ್ಮೆ ಬಳಸಿ ಮುಗಿಯುವ ಆಹಾರದಂಥವನ್ನು ಭೋಗವೆಂದೂ ಮತ್ತೆ ಮತ್ತೆ ಬಳಸುವ ವಸ್ತ್ರದಂಥವನ್ನು ಉಪಭೋಗವೆಂದೂ ವಿಂಗಡಿಸಿ, ಎರಡಕ್ಕೂ ಮಿತಿ ಹಾಕಿಕೊಳ್ಳುವುದನ್ನು ಗುಣವ್ರತವಾಗಿ ಹೇಳುತ್ತದೆ. ಮೈ ಪೂರ್ತಿ ಮುಚ್ಚುವ ಉಡುಪೇ ಆದರೂ ಸಮಾರಂಭಕ್ಕೊಂದರಂತೆ ಕೊಂಡು, ಒಂದೇ ಬಾರಿ ಉಟ್ಟು ಮಡಚಿಟ್ಟರೆ ಅದನ್ನು ಸರಳತೆ ಎನ್ನಲಾಗದು. ಈ ಅಳತೆ ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುತ್ತದೆ.

ವ್ರತಕ್ಕೂ ಫಲಕಕ್ಕೂ ಇರುವ ವ್ಯತ್ಯಾಸವೂ ಇದೇ. ಫಲಕವನ್ನು ಬೇರೆಯವರು ಹಾಕುತ್ತಾರೆ. ಅದು ಬಾಗಿಲಲ್ಲಿ ನಿಲ್ಲಿಸಬಲ್ಲದು, ಅಷ್ಟೇ. ಮಿತಿಯನ್ನು ಶ್ರಾವಕ, ಶ್ರಾವಕಿಯರು ತಾವೇ ಗೊತ್ತುಮಾಡಿಕೊಳ್ಳುತ್ತಾರೆ. ಅದು ಅಂಗಡಿಗೂ ಮದುವೆ ಮಂಟಪಕ್ಕೂ ಜೊತೆಗೆ ಬರುತ್ತದೆ. ಮಗಳ ಉಡುಪಿನ ಉದ್ದ ಕೇಳುವ ಮನೆಯಲ್ಲಿ, ಅಪ್ಪನ ಮಡಿಪಂಚೆ ಯಾವ ನೂಲಿನದು, ಈ ವರ್ಷ ಎಷ್ಟು ಬಟ್ಟೆ ಸಾಕು ಎಂದು ಮಗಳೂ ಕೇಳುವಂತಾಗಬೇಕು. ಆಗ ಉಡುಪಿನ ಮಾತು ಜಗಳವಾಗದೆ ಮನೆಮಂದಿಯೆಲ್ಲ ಸೇರಿ ಮಾಡುವ ಸ್ವಾಧ್ಯಾಯವಾಗುತ್ತದೆ. ಈ ಬಾರಿಯ ಪರ್ಯುಷಣದಲ್ಲಿ ಊಟದ ತ್ಯಾಗಗಳ ಜೊತೆಗೆ ಬಟ್ಟೆಗೂ ಒಂದು ಮಿತಿ ಹಾಕಿಕೊಂಡು ನೋಡಬಹುದು.