ಹಿನ್ನೀರಿನ ದೋಣಿಯೋ, ಕಾಡಂಚಿನ ಬಿಡಾರವೋ

ಕಾಡನ್ನು ನೀರಿನ ಮೇಲಿಂದ ನೋಡುವುದು ಮೇಲೋ, ಕಾಡಂಚಿನ ಬಿಡಾರದಲ್ಲಿ ತಂಗಿ ನೋಡುವುದು ಮೇಲೋ ಎಂಬ ಪ್ರಶ್ನೆ ಹುಟ್ಟಿದ್ದು ಮಹಾನದಿಗಳ ನಾಡಿನಲ್ಲಿ. ಪೆರು ದೇಶದ ಇಕಿಟೋಸ್ ನಗರಕ್ಕೆ ಹೊರಗಿನಿಂದ ರಸ್ತೆಯೇ ಇಲ್ಲ. ವಿಮಾನದಲ್ಲಿ ಇಳಿಯಬೇಕು, ಇಲ್ಲವೇ ಅಮೆಜಾನ್ ಹೊಳೆಯ ಮೇಲೆ ಬರಬೇಕು. ನೆರೆಯ ತಿಂಗಳುಗಳಲ್ಲಿ ಅಲ್ಲಿ ನೀರು ಹಲವು ಮೀಟರ್ ಏರಿ ಕಾಡಿನೊಳಕ್ಕೆ ನುಗ್ಗುತ್ತದೆ, ಕೊಂಬೆಗಳ ನಡುವೆಯೇ ದೋಣಿ ಸಾಗುತ್ತದೆ. ಬಂಗಾಳದ ಸುಂದರಬನದಲ್ಲೂ ಕಾಲಿಡಲು ಗಟ್ಟಿ ನೆಲವಿಲ್ಲ. ಉಬ್ಬರ ಇಳಿತದ ಕೆಸರು, ಕೆಸರಿನಿಂದ ಮೇಲೆದ್ದ ಬೇರುಗಳು, ನಡುವೆ ಉಪ್ಪುನೀರಿನ ಕವಲುಗಳು; ಲಾಂಚಿನಲ್ಲೇ ಊಟ, ಲಾಂಚಿನಲ್ಲೇ ನಿದ್ದೆ. ಇಂಥ ಕಡೆ ದೋಣಿಯೇ ರಸ್ತೆ, ದೋಣಿಯೇ ಮನೆ.

ಕರ್ನಾಟಕದ ಕಾಡುಗಳಲ್ಲಿ ಆ ಅನುಕೂಲವಿಲ್ಲ. ಪಶ್ಚಿಮಕ್ಕೆ ಹರಿಯುವ ಹೊಳೆಗಳು ಘಟ್ಟ ಇಳಿದು ಬೇಗ ಕಡಲು ಸೇರುತ್ತವೆ. ಪೂರ್ವಕ್ಕೆ ಹರಿಯುವವು ಬಂಡೆಗಳ ನಡುವೆ ನುಸುಳಿ ಬೇಸಿಗೆಯಲ್ಲಿ ಸೊರಗುತ್ತವೆ. ದಾಂಡೇಲಿಯ ಕಾಳಿ ನದಿಯಲ್ಲಿ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಸುಳಿಗಳ ಮೇಲೆ ಹಾರಿ ಬರಬಹುದು, ಅದು ಸಾಹಸ. ಪ್ರಾಣಿ ನೋಡುವ ಪ್ರಯಾಣವಲ್ಲ. ನಮ್ಮ ಕಾಡಿನೊಳಗೆ ದೋಣಿ ನಿರಾಳವಾಗಿ ಓಡುವುದು ಮನುಷ್ಯನೇ ಕಟ್ಟಿದ ಅಣೆಕಟ್ಟುಗಳ ಹಿನ್ನೀರಿನಲ್ಲಿ. ಅದರಲ್ಲೂ ಹೆಸರಾದವು ಎರಡು: ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ, ಲಕ್ಕವಳ್ಳಿಯ ಭದ್ರಾ. ಎರಡು ಕಡೆಯೂ ದೋಣಿಯಲ್ಲಿ ಮಲಗುವ ಮಾತಿಲ್ಲ. ದಡದ ರೆಸಾರ್ಟಿನಲ್ಲಿ ಉಳಿದು, ಹೊತ್ತಿಗೊಮ್ಮೆ ದೋಣಿ ಹತ್ತಿ ಇಳಿಯುವುದು ಇಲ್ಲಿನ ಕ್ರಮ. ಹೀಗಾಗಿ ಇಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. ಸಿಗುವ ಒಂದೋ ಎರಡೋ ಸಫಾರಿಯನ್ನು ನೀರಿಗೆ ಕೊಡಬೇಕೆ, ನೆಲಕ್ಕೆ ಕೊಡಬೇಕೆ? ಬಿಡಾರದ ದುಬಾರಿ ಬಾಡಿಗೆಗೆ ತಕ್ಕ ಪ್ರತಿಫಲ ಯಾವ ತಿಂಗಳಲ್ಲಿ ಸಿಗುತ್ತದೆ?

ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿರುವ ದಂಡಿನಶಿವರದ ಒಂದು ಕುಟುಂಬ ಕಾಡು ನೋಡಲು ಹೊರಟರೆ ಎರಡು ದಾರಿಗಳಿವೆ. ತುರುವೇಕೆರೆ, ನಾಗಮಂಗಲ, ಶ್ರೀರಂಗಪಟ್ಟಣ ದಾಟಿ ಮೈಸೂರು ಸೇರಿ, ಅಲ್ಲಿಂದ ಹೆಗ್ಗಡದೇವನಕೋಟೆಯ ರಸ್ತೆ ಹಿಡಿದರೆ ಕಬಿನಿ ದಂಡೆಯ ಕಾರಾಪುರ. ತಿಪಟೂರಿನಲ್ಲಿ ಶಿವಮೊಗ್ಗದ ರೈಲು ಹತ್ತಿ, ಅರಸೀಕೆರೆ, ಕಡೂರು, ಬೀರೂರು ಕಳೆದು ತರೀಕೆರೆಯಲ್ಲಿ ಇಳಿದರೆ ಲಕ್ಕವಳ್ಳಿ ಹತ್ತಿರ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಎರಡನೆಯದು ಸುಖ; ಹೆಸರು ಮಾತ್ರ ಮೊದಲನೆಯದಕ್ಕೇ ಹೆಚ್ಚು. ತೆಂಗಿನ ಸೀಮೆಯವರಿಗೆ ಚಿರತೆ ಅಪರೂಪದ ಪ್ರಾಣಿಯೇನಲ್ಲ. ತುರುವೇಕೆರೆ, ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆ ತೋಟದ ಮನೆಯ ನಾಯಿ ಕಾಣೆಯಾದರೆ ಮೊದಲು ಅದರ ಮೇಲೇ ಅನುಮಾನ. ಈ ಸೀಮೆಗೆ ಇಲ್ಲದ್ದು ದೊಡ್ಡ ನೀರು. ಸಣ್ಣ ಹರಿವಿನ ಶಿಂಷಾ, ಕೆರೆಗಳು, ಹೇಮಾವತಿ ನಾಲೆ ಬಿಟ್ಟರೆ ಮತ್ತೇನಿಲ್ಲ. ಕಣ್ಣು ಹಾಯುವವರೆಗೂ ನೀರು, ಅದರ ಅಂಚಿನಲ್ಲಿ ಆನೆಯ ಹಿಂಡು: ಈ ನೋಟಕ್ಕಾಗಿಯೇ ಹೋಗುವುದಾದರೆ ದೋಣಿಯ ಪಕ್ಷ ಆಗಲೇ ಅರ್ಧ ಗೆದ್ದಂತೆ.

ಕಬಿನಿಯ ಆ ನೋಟ ಹೇಗೆ ಹುಟ್ಟಿತೆಂಬುದನ್ನು ತಿಳಿಯದೆ ದೋಣಿಯ ಬೆಲೆ ಗೊತ್ತಾಗದು. ಕಬಿನಿ ದಂಡೆಯ ಕಾಕನಕೋಟೆಯ ಕಾಡು ಮೈಸೂರು ಅರಸರ ಕಾಲದಲ್ಲಿ ಖೆಡ್ಡಾಕ್ಕೆ ಹೆಸರಾಗಿತ್ತು. ಆನೆಗಳನ್ನು ಹೊಳೆಗಿಳಿಸಿ ಬೇಲಿಯೊಳಕ್ಕೆ ಅಟ್ಟಿ ಹಿಡಿಯುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರ ವೇಳೆಗೆ ಬೀಚನಹಳ್ಳಿಯಲ್ಲಿ ಅಣೆಕಟ್ಟು ಎದ್ದು, ಹಳ್ಳಿಗಳೂ ಕಾಡೂ ಹೊಲಗಳೂ ನೀರಿಗೆ ಸೇರಿದವು. ಜೇನುಕುರುಬರ, ಬೆಟ್ಟಕುರುಬರ ಹಾಡಿಗಳು ಎತ್ತಂಗಡಿಯಾದವು. ಈ ಹಿನ್ನೀರು ಉತ್ತರದ ನಾಗರಹೊಳೆಗೂ ದಕ್ಷಿಣದ ಬಂಡೀಪುರಕ್ಕೂ ನಡುವಿನ ಗಡಿ. ಮಳೆಗಾಲದಲ್ಲಿ ತುಂಬಿದ ನೀರು ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಬಿಟ್ಟುಹೋದ ತೇವದ ನೆಲದಲ್ಲಿ, ಸುತ್ತಲ ಕಾಡೆಲ್ಲ ಒಣಗಿ ನಿಂತ ಹೊತ್ತಿನಲ್ಲಿ, ಹಸಿರು ಹುಲ್ಲು ಚಿಗುರುತ್ತದೆ. ಎರಡು ಕಾಡಿನ ಆನೆಗಳೂ ಈ ಹುಲ್ಲಿಗೆ, ನೀರಿಗೆ ಇಳಿಯುತ್ತವೆ. ಏಷ್ಯಾದ ಆನೆಗಳು ಬೇಸಿಗೆಯಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವ ಜಾಗಗಳು ಬೆರಳೆಣಿಕೆಯಷ್ಟೇ. ಊರು ಮುಳುಗಿಸಿದ ನೀರೇ ಆನೆಗೆ ಮೇವು ಕೊಟ್ಟಿತು. ಇದನ್ನು ಹೊಗಳಬೇಕೋ ಮರುಗಬೇಕೋ ಎಂಬುದು ನೋಡುವವರಿಗೆ ಬಿಟ್ಟದ್ದು.

ಈ ನೋಟಕ್ಕೆ ದೋಣಿಯಷ್ಟು ಹೊಂದುವ ಸಾಧನ ಬೇರೊಂದಿಲ್ಲ. ಜೀಪು ಕಾಡಿನೊಳಗಿನ ದಾರಿ ಬಿಟ್ಟು ಕದಲುವಂತಿಲ್ಲ. ಎರಡೂ ಬದಿಯಲ್ಲಿ ಲಂಟಾನ ಪೊದೆ ಆಳೆತ್ತರ ಬೆಳೆದಿರುತ್ತದೆ. ನೀರಿನ ಮೇಲಿಂದ ಇಡೀ ದಡ ಬಯಲಾಗಿ ಕಾಣುತ್ತದೆ. ಎಂಜಿನ್ ನಿಲ್ಲಿಸಿ ತೇಲಲು ಬಿಟ್ಟರೆ, ಗಾಳಿ ಎದುರಿನಿಂದ ಬೀಸುತ್ತಿದ್ದರೆ, ಆನೆಗಳು ತಮ್ಮ ಪಾಡಿಗೆ ತಾವು ಮೇಯುತ್ತಲೇ ಇರುತ್ತವೆ. ಮರಿಯನ್ನು ನಡುವೆ ಇಟ್ಟುಕೊಂಡು ನಡೆಯುವ ರೀತಿ, ಹಿರಿಯ ಹೆಣ್ಣಾನೆ ಮುಂದೆ ಬಂದು ಸೊಂಡಿಲೆತ್ತಿ ವಾಸನೆ ಹಿಡಿಯುವುದು, ಇವನ್ನೆಲ್ಲ ಅವಸರವಿಲ್ಲದೆ ನೋಡಲು ದೋಣಿಯಲ್ಲಿ ಬಿಡುವಿರುತ್ತದೆ. ದಡದಲ್ಲಿ ಬಾಯಿ ತೆರೆದು ಬಿಸಿಲು ಕಾಯುವ ಮೊಸಳೆ, ನೀರುನಾಯಿಗಳ ಗುಂಪು, ಮುಳುಗಿ ಸತ್ತ ಮರದ ಬೋಳು ಕೊಂಬೆಯ ಮೇಲೆ ರೆಕ್ಕೆ ಹರಡಿ ಕೂತ ಹಾವಕ್ಕಿ, ಚಳಿಗಾಲಕ್ಕೆ ಬರುವ ಮೀನುಗಿಡುಗ, ಇವೆಲ್ಲ ದೋಣಿಯವರ ಪಾಲು. ಸೊಂಟನೋವಿನವರಿಗೆ ಜೀಪಿನ ಕುಲುಕಾಟವೂ ತಪ್ಪುತ್ತದೆ. ಆದರೆ ನೀರು ಇಳಿದಷ್ಟೂ ದೋಣಿ ಹತ್ತುವ ಜಾಗ ದೂರ ಸರಿಯುತ್ತದೆ. ಬಿರುಕುಬಿಟ್ಟ ದಡದಲ್ಲಿ ಇಳಿದು ನಡೆಯುವ ಕಷ್ಟವನ್ನು ಹಿರಿಯರು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದೋಣಿಗೆ ಇರುವ ದೊಡ್ಡ ಮಿತಿಯೆಂದರೆ ಅದು ಕಾಡಿನ ಅಂಚನ್ನು ಮಾತ್ರ ಬಲ್ಲದು. ತೋಟವನ್ನು ಬದುವಿನ ಮೇಲೆ ನಿಂತು ನೋಡಿದವನಿಗೆ ಒಳಗಿನ ಗಿಡದ ರೋಗ ಕಾಣದಂತೆ, ದೋಣಿಯವನಿಗೆ ಕಾಡಿನ ಒಳಗಿನ ನಡೆ ಕಾಣದು. ಹುಲಿ, ಚಿರತೆ, ಸೀಳುನಾಯಿಗಳ ಬೆನ್ನು ಹತ್ತುವುದು ಸದ್ದಿನ ಜಾಡಿನಲ್ಲಿ. ಜಿಂಕೆಯ ಎಚ್ಚರಿಕೆಯ ಕೂಗು, ಮುಸುವದ ಕೆಮ್ಮು, ಕಡವೆಯ ಗಡುಸಾದ ದನಿ ಎಲ್ಲಿಂದ ಬಂತೆಂದು ಆಲಿಸಿ, ಮಣ್ಣಿನ ಮೇಲಿನ ಹೆಜ್ಜೆ ಹಳೆಯದೋ ಹೊಸದೋ ಎಂದು ನೋಡಿ, ಜೀಪನ್ನು ಇನ್ನೊಂದು ದಾರಿಗೆ ತಿರುಗಿಸಬೇಕು. ಹುಲಿ ದಡಕ್ಕೆ ಬಂದು ನೀರು ಕುಡಿದದ್ದನ್ನು ದೋಣಿಯಿಂದ ಕಂಡವರಿದ್ದಾರೆ, ನಿಜ, ಅದು ಅದೃಷ್ಟ. ಜೀಪಿನಲ್ಲೂ ಅದೃಷ್ಟವೇ, ಆದರೆ ಚಾಲಕನ ಅನುಭವ ಅದಕ್ಕೆ ಒಂದಿಷ್ಟು ನೆರವಾಗುತ್ತದೆ.

ಬಿಡಾರ ಈ ಎರಡಕ್ಕೂ ಬೇಕಾದ ನೆಲೆ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಸ್ಥಾಪನೆಯಾಯಿತು. ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಸಹಯೋಗದಲ್ಲಿ ಕಾರಾಪುರದಲ್ಲಿ, ಮಹಾರಾಜರ ಬೇಟೆಬಂಗಲೆ ಇದ್ದ ಜಾಗದಲ್ಲಿ, ಕಬಿನಿ ರಿವರ್ ಲಾಡ್ಜ್ ಎದ್ದಿತು. ಲಾಡ್ಜನ್ನು ನೋಡಿಕೊಳ್ಳುತ್ತಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ನೆಲೆಸಿ ಅದರ ಹೆಸರನ್ನು ಹೊರನಾಡಿಗೂ ಮುಟ್ಟಿಸಿದರು. ಇಂಥ ಬಿಡಾರಗಳಲ್ಲಿ ಸಾಮಾನ್ಯವಾಗಿ ವಸತಿ, ಊಟ, ಸಂಜೆಯ ಒಂದು ಸಫಾರಿ, ಮರುದಿನ ಬೆಳಗಿನ ಒಂದು ಸಫಾರಿ ಒಂದೇ ದರದಲ್ಲಿ ಸೇರಿರುತ್ತವೆ. ಒಬ್ಬರ ಒಂದು ದಿನದ ಖರ್ಚು ಸಣ್ಣ ರೈತನಿಗೆ ಭಾರವೆನಿಸುವಷ್ಟಿದೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೈಬಿಗಿಯಿರುವವರಿಗೆ ಅರಣ್ಯ ಇಲಾಖೆ ಕಾಕನಕೋಟೆಯ ದಮ್ಮನಕಟ್ಟೆಯಿಂದ ನಡೆಸುವ ಬಸ್ ಸಫಾರಿ ಇದೆ. ಅದರಲ್ಲಿ ದೋಣಿಯಿಲ್ಲ, ಉಳಿಯುವಂತಿಲ್ಲ, ಆದರೆ ಅದೇ ಕಾಡು.

ಇಷ್ಟು ಹೇಳಿದ ಮೇಲೆ ತಿಂಗಳಿನ ಮಾತು ಬರುತ್ತದೆ. ಆಯ್ಕೆಯನ್ನು ತೀರ್ಮಾನಿಸುವುದು ಅದೇ. ತೆಂಗಿನ ಸೀಮೆಯಲ್ಲಿ ರಾಗಿ ಕಣ ಮುಗಿದು, ಮಕ್ಕಳ ಪರೀಕ್ಷೆಯೂ ಮುಗಿದು ಮನೆಯವರೆಲ್ಲ ಒಟ್ಟಾಗಿ ಹೊರಡಲು ಆಗುವುದು ಏಪ್ರಿಲ್‌, ಮೇ ತಿಂಗಳಲ್ಲಿ. ಕಬಿನಿಯಲ್ಲಿ ಆನೆ ಸೇರುವುದೂ ಆಗಲೇ. ಭದ್ರಾದಲ್ಲೂ ಬೇಸಿಗೆಯೇ ಹಬ್ಬ. ನೀರು ತಗ್ಗಿ ಎದ್ದ ನಡುಗಡ್ಡೆಗಳ ಮೇಲೆ ಕಪ್ಪು ತಲೆಯ, ಹಳದಿ ಕೊಕ್ಕಿನ ರಿವರ್ ಟರ್ನ್ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಬರಿ ನೆಲದಲ್ಲೇ ಮೊಟ್ಟೆಯಿಡುತ್ತವೆ. ಲಕ್ಕವಳ್ಳಿಯ ಬಿಡಾರಕ್ಕೆ ಇಟ್ಟಿರುವುದು ಈ ಹಕ್ಕಿಯ ಹೆಸರನ್ನೇ. ಜೀಪಿನಲ್ಲಿ ಹೋದವರಿಗೆ ಈ ನಡುಗಡ್ಡೆ ಸಿಕ್ಕುವುದೇ ಇಲ್ಲ. ಹೀಗಾಗಿ ಭದ್ರಾಕ್ಕೆ ಬೇಸಿಗೆಯಲ್ಲಿ ಹೋಗಿ ದೋಣಿ ಹತ್ತದೆ ಬರುವುದು ದಡ್ಡತನ. ಆದರೆ ಈ ನೀರಿನ ಮಟ್ಟ ಪ್ರವಾಸಿಗಳ ಕೈಲಿಲ್ಲ. ಭದ್ರೆಯ ನೀರು ದಾವಣಗೆರೆಯ ಗದ್ದೆಗೆ, ಕಬಿನಿಯದು ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಗೂ ತಮಿಳುನಾಡಿಗೂ ಹೋಗಬೇಕು. ಎಷ್ಟು ಬಿಟ್ಟರು ಎಂಬುದರ ಮೇಲೆ ದೋಣಿ ಎಲ್ಲಿಯವರೆಗೆ ಹೋದೀತೆಂಬುದು ನಿಂತಿದೆ. ಹೇಮಾವತಿ ನಾಲೆಗೆ ಯಾವಾಗ ನೀರು ಬಿಡುತ್ತಾರೆಂದು ಕಾದು ಕೂರುವ ತುರುವೇಕೆರೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ಮಳೆಗಾಲದ ಮಾತು ಚಿಕ್ಕದು. ಕಾಡೊಳಗೆ ಎಲ್ಲೆಲ್ಲೂ ಹುಲ್ಲು, ನೀರು ಸಿಗುವಾಗ ಆನೆ ದಡಕ್ಕೆ ಬರುವ ಕಾರಣವಿಲ್ಲ. ಗಾಳಿ ಎದ್ದರೆ ದೋಣಿಯನ್ನೇ ಬಿಡುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಕೇರಳದ ತೇಕಡಿಯ ಪಾಠವನ್ನು ಮರೆಯುವಂತಿಲ್ಲ. ಪೆರಿಯಾರ್ ಹುಲಿ ಅಭಯಾರಣ್ಯದ ಜಲಾಶಯದಲ್ಲಿ 2009ರ ಸೆಪ್ಟೆಂಬರ್ 30ರಂದು ಎರಡು ಅಂತಸ್ತಿನ ಪ್ರವಾಸಿ ದೋಣಿ ಮಗುಚಿ 45 ಮಂದಿ ಸತ್ತರು. ದೋಣಿಯಲ್ಲಿ ಪ್ರಾಣಿ ಕಂಡಾಗ ಎಲ್ಲರೂ ಒಂದೇ ಪಕ್ಕಕ್ಕೆ ನುಗ್ಗುವ ಚಪಲ ಅಪಾಯದ್ದು. ಜೀಪಿನಲ್ಲಿ ಇದೇ ಚಪಲದಿಂದ ಹೆಚ್ಚೆಂದರೆ ಪಕ್ಕದವರ ಕಾಲು ತುಳಿದೀತು. ಲೈಫ್ ಜಾಕೆಟ್ ಇಲ್ಲದ ದೋಣಿಯನ್ನು ದುಡ್ಡು ಕೊಟ್ಟಿದ್ದರೂ ಹತ್ತಬಾರದು, ಸೆಕೆಯೆಂದು ಅದನ್ನು ಬಿಚ್ಚಿಡಲೂ ಬಾರದು.

ನೋಡುವವರ ಸುಖವೊಂದೇ ಅಳತೆಗೋಲಾಗಬಾರದು. ಹುಲಿ ಯೋಜನೆಯ ಕಾಡುಗಳಲ್ಲಿ ಪ್ರವಾಸೋದ್ಯಮವನ್ನು ಸುಪ್ರೀಂ ಕೋರ್ಟ್ 2012ರ ಜುಲೈಯಲ್ಲಿ ತಡೆದು, ಅಕ್ಟೋಬರ್‌ನಲ್ಲಿ ಹೊಸ ನಿಯಮಗಳೊಂದಿಗೆ ಮತ್ತೆ ಬಿಟ್ಟಿತು; ವಾಹನಗಳ ಸಂಖ್ಯೆಗೂ ಓಡಾಡುವ ವಲಯಕ್ಕೂ ಮಿತಿ ಬಂತು. ಮೈಸೂರು ಜಿಲ್ಲೆಯ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ, 2025ರ ನವೆಂಬರ್‌ನಲ್ಲಿ ನಾಗರಹೊಳೆ ಮತ್ತು ಬಂಡೀಪುರದ ಸಫಾರಿಯನ್ನು ಸರ್ಕಾರ ನಿಲ್ಲಿಸಿತು. ವಾಹನ ದಟ್ಟಣೆಯಿಂದ ಪ್ರಾಣಿಗಳು ಊರಿಗೆ ಬರುತ್ತವೆಯೇ ಎಂಬ ವಾದ ಇನ್ನೂ ನಡೆದಿದೆ. ಆದರೆ ಚಿರತೆಯ ಭಯದಲ್ಲಿ ಸಂಜೆ ತೋಟಕ್ಕೆ ಹೋಗಲು ಹಿಂಜರಿಯುವ ಸೀಮೆಯವರಿಗೆ ಕಾಡಂಚಿನ ರೈತರ ಸಿಟ್ಟು ಅರ್ಥವಾಗದ ವಿಷಯವಲ್ಲ. ಈ ದೃಷ್ಟಿಯಿಂದಲೂ ಇಪ್ಪತ್ತು ಮಂದಿಯನ್ನು ಒಮ್ಮೆಗೇ ಕೂರಿಸಿಕೊಂಡು ಕಾಡಿನ ನೆಲ ಮುಟ್ಟದೆ ಹೋಗುವ ದೋಣಿ, ಅಷ್ಟೇ ಜನರನ್ನು ಹೊತ್ತು ಒಳಗೆ ತಿರುಗುವ ಮೂರು ಜೀಪುಗಳಿಗಿಂತ ಹಗುರ.

ಒಂದೇ ರಾತ್ರಿ ಉಳಿಯುವ ಕುಟುಂಬ ಬೇಸಿಗೆಯಲ್ಲಿ ಹೋಗಿ, ಆನೆಗಳು ನೀರಿಗಿಳಿಯುವ ಸಂಜೆಯನ್ನು ದೋಣಿಗೂ, ಹೆಜ್ಜೆಗುರುತು ಹೊಸದಿರುವ ಬೆಳಗನ್ನು ಜೀಪಿಗೂ ಕೊಡುವುದು ಸರಿ. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಮಾರ್ಚ್‌ನಿಂದ ಮೇವರೆಗೆ ದೋಣಿ, ಜೂನ್‌ನಿಂದ ಮುಂದಕ್ಕೆ ಜೀಪು. ಕೋಣೆ ಕಾದಿರಿಸುವ ಮೊದಲೇ ಸಫಾರಿ ನಡೆಯುತ್ತಿದೆಯೇ, ಹಿನ್ನೀರು ದೋಣಿ ಓಡುವಷ್ಟಿದೆಯೇ ಎಂದು ಬಿಡಾರಕ್ಕೆ ಫೋನ್ ಮಾಡಿ ಕೇಳಿಕೊಳ್ಳುವುದು ಒಳ್ಳೆಯದು.