ಲಾಳ ಬಿದ್ದರೆ ವಿಡಿಯೋ ಮಾಡ್ತೀರಿ, ಲಾಳ ಕಟ್ಟೋರು ಎಲ್ಲಿ ಹೋದರು ಅಂತ ಕೇಳಲ್ಲ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

ಹೋದ ಮದುವೆ ಸೀಸನ್ನಿನಲ್ಲಿ ಒಂದು ಸಂಜೆ ಟಿನ್ ಫ್ಯಾಕ್ಟರಿ ಹತ್ತಿರ ಹೊಸಕೋಟೆ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆ ಪಕ್ಕ ಒಂದು ಬಿಳಿ ಹೆಣ್ಣು ಕುದುರೆ ಮುಂಗಾಲು ಎತ್ತಿಕೊಂಡು ನಿಂತಿತ್ತು. ಬೆನ್ನ ಮೇಲೆ ಜರಿ ಬಟ್ಟೆ, ಹಣೆಗೆ ಕುಚ್ಚು. ಲಾಳ ಬಿದ್ದುಹೋಗಿತ್ತು, ಗೊರಸಿನ ಅಂಚು ಒಡೆದ ಮಡಕೆಯ ಹಾಗೆ ಚೂರು ಚೂರಾಗಿತ್ತು. ಲಗಾಮು ಹಿಡಿದ ಹುಡುಗ ಅಳುವ ಮುಖ ಮಾಡಿಕೊಂಡಿದ್ದ. ಸುತ್ತ ಐದಾರು ಜನ ಮೊಬೈಲ್ ಎತ್ತಿದ್ದರು. ನಾನೂ ಎತ್ತಿದೆ. ಬಸ್ಸಿನಲ್ಲೇ ಆರು ಸಾಲು ಟೈಪ್ ಮಾಡಿ, ನಾನು ಸುದ್ದಿ ಕೊಡುವ ಒಂದು ಪೋರ್ಟಲ್ಲಿಗೆ ಕಳಿಸಿದೆ. ಅವರು ಕೊಟ್ಟ ತಲೆಬರಹ: 'ಕುಂಟುವ ಕುದುರೆಗೆ ಚಿತ್ರಹಿಂಸೆ, ಮಾಲೀಕನ ಕ್ರೌರ್ಯ'. ಚೆನ್ನಾಗಿ ಓಡಿತು. ಮಾಲೀಕನನ್ನು ಒಂದು ಮಾತು ಕೇಳಿರಲಿಲ್ಲ. ಡಿಪ್ಲೊಮಾದಲ್ಲಿ ಮೊದಲ ತಿಂಗಳು ಹೇಳಿಕೊಟ್ಟ ಪಾಠ ಅದು.

ಆಮೇಲೆ ಬೇರೆ ಕೆಲಸಕ್ಕೆ ಶಿವಾಜಿನಗರಕ್ಕೆ ಹೋದಾಗ, ರಸೆಲ್ ಮಾರ್ಕೆಟ್ ಹಿಂದಿನ ಒಂದು ಗಲ್ಲಿಯಲ್ಲಿ ಅದೇ ಕುದುರೆ ಕಣ್ಣಿಗೆ ಬಿತ್ತು. ಹಣೆಯ ಮೇಲಿನ ಕಂದು ಮಚ್ಚೆ ಗುರುತು ಸಿಕ್ಕಿತು. ಅರವತ್ತು ದಾಟಿದ ಮಾಲೀಕರು ಬಕೆಟ್ಟಿನಲ್ಲಿ ಹುರುಳಿ ನೆನೆಹಾಕುತ್ತಿದ್ದರು. ನಾನು ಯಾರು ಅಂತ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಕುದುರೆಯ ಕಾಲು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, "ನೋಡಿ ಸಾರ್, ಮೊಳೆ ಹೊಡೆಯೋಕೆ ಜಾಗ ಎಲ್ಲಿದೆ ಹೇಳಿ" ಅಂದರು. ಆ ಮೂರು ತಿಂಗಳಲ್ಲಿ ಅದೇ ಕಾಲಿನ ಲಾಳ ನಾಲ್ಕು ಸಲ ಬಿದ್ದಿತ್ತಂತೆ.

ಹಾಗಾದರೆ ಲಾಳ ಯಾಕೆ ಬೀಳುತ್ತದೆ? ನನಗೂ ಗೊತ್ತಿರಲಿಲ್ಲ. ಎತ್ತು ಕಟ್ಟಿದ ಮನೆಯಲ್ಲಿ ಹುಟ್ಟಿದವನು ನಾನು. ಆದರೂ ಲಾಳ ಅಂದರೆ ಕಬ್ಬಿಣ, ಮೊಳೆ, ಅಷ್ಟೇ ಅಂದುಕೊಂಡಿದ್ದೆ.

ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್. ಮೇಲಿನ ಕೂದಲಿನ ಗೆರೆಯಲ್ಲಿ ಹುಟ್ಟಿದ ಗೊರಸು ಮುಂತುದಿಗೆ ಬರಬೇಕಾದರೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ಲಾಳ ಹೊಡೆದ ಮೇಲೆ ಗೊರಸು ನೆಲಕ್ಕೆ ಸವೆಯುವುದಿಲ್ಲ, ಬರೀ ಉದ್ದವಾಗುತ್ತದೆ. ಅದಕ್ಕೇ ಐದಾರು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಅರ ಹಾಕಿ ಸಮ ಮಾಡಿ ಮತ್ತೆ ಕಟ್ಟಬೇಕು. ಕಬ್ಬಿಣ ಇನ್ನೂ ಸವೆದಿಲ್ಲ ಅಂತ ಮೂರು ತಿಂಗಳು ಹಾಗೇ ಓಡಿಸಿದರೆ ಮುಂತುದಿ ಉದ್ದವಾಗಿ ಹಿಮ್ಮಡಿ ಕುಸಿಯುತ್ತದೆ. ಮುಂಗಾಲು ನೆಲ ಬಿಡುವುದು ತಡವಾಗುತ್ತದೆ. ಹಿಂದಿನ ಕಾಲು ಬಂದು ಮುಂದಿನ ಲಾಳದ ಹಿಂತುದಿಯನ್ನು ತುಳಿದು ಕಿತ್ತುಹಾಕುತ್ತದೆ. ಕಿತ್ತು ಬರುವಾಗ ಮೊಳೆ ಸುಮ್ಮನೆ ಬರುವುದಿಲ್ಲ, ಗೊರಸಿನ ಗೋಡೆಯನ್ನೂ ಹರಿದುಕೊಂಡು ಬರುತ್ತದೆ. ಮುಂದಿನ ಸಲ ಮೊಳೆಗೆ ಜಾಗ ಕಡಿಮೆ. ಅದರ ಮುಂದಿನ ಸಲ ಇನ್ನೂ ಕಡಿಮೆ.

ಇದಕ್ಕೆ ನೀರೂ ಸೇರುತ್ತದೆ. ಗಂಜಳದಲ್ಲಿ ರಾತ್ರಿಯೆಲ್ಲ ನಿಂತ ಗೊರಸು ನೆನೆದು ಉಬ್ಬುತ್ತದೆ, ಹಗಲು ಕಾದ ಟಾರಿನ ಮೇಲೆ ಒಣಗಿ ಕುಗ್ಗುತ್ತದೆ. ಮಳೆಗೆ ನೆನೆದು ಬಿಸಿಲಿಗೆ ಒಣಗಿದ ಹಳೇ ಗಾಡಿಯಲ್ಲಿ ಮೊಳೆ ಹೇಗೆ ಸಡಿಲವಾಗುತ್ತದೋ ಹಾಗೇ. ಪಾದದ ಅಡಿಯ ಮೆತ್ತನೆಯ ಭಾಗ ಕೊಳೆತು ಕಪ್ಪಾಗಿ ಗಬ್ಬುನಾತ ಬರುತ್ತದೆ. ಆ ಗಲ್ಲಿಯಲ್ಲಿ ಕುದುರೆ ನಿಲ್ಲುವುದು ಚರಂಡಿಯ ಪಕ್ಕ, ಒಂದು ಶೀಟಿನ ಕೆಳಗೆ. ಒಣ ಜಾಗ ಎಲ್ಲಿಂದ ತರೋಣ?

ಇನ್ನು ಮೊಳೆ. ಗೊರಸಿನ ಹೊರಗೋಡೆಗೆ ನೋವಿಲ್ಲ, ಒಳಗಿನದು ಜೀವಂತ ಮಾಂಸ. ಅಡಿಯಿಂದ ನೋಡಿದರೆ ಎರಡರ ನಡುವೆ ಒಂದು ತಿಳಿಬಣ್ಣದ ಗೆರೆ ಕಾಣುತ್ತದೆ. ಮೊಳೆ ಅದರ ಹೊರಗೇ ಹೋಗಬೇಕು. ಗೋಡೆ ಒಡೆದು ತೆಳ್ಳಗಾಗಿದ್ದರೆ ಉಳಿಯುವ ಜಾಗ ಒಂದು ಬೆಂಕಿಕಡ್ಡಿ ದಪ್ಪ ಇದ್ದರೆ ಹೆಚ್ಚು. ಒಳಕ್ಕೆ ಹೋದರೆ ಕೀವಾಗಿ ಕುಂಟುತ್ತದೆ, ತೀರಾ ಹೊರಕ್ಕೆ ಹೊಡೆದರೆ ಲಾಳ ವಾರಕ್ಕೇ ಬೀಳುತ್ತದೆ. ಇಷ್ಟು ಕೈಚಳಕದ ಕೆಲಸವನ್ನು ಸರಿಯಾಗಿ ಮಾಡುವವರು ನಿಮ್ಮ ಹೋಬಳಿಯಲ್ಲಿ ಎಷ್ಟು ಜನ ಇದ್ದಾರೆ, ಒಮ್ಮೆ ಯೋಚಿಸಿ. ನಮ್ಮ ಕಡೆ ಎತ್ತಿಗೆ ಲಾಳ ಕಟ್ಟಿಸಬೇಕಾದರೂ ಘಾಟಿ ಜಾತ್ರೆ ಬರಲಿ ಅಂತ ಕಾಯುವ ಹಾಗಾಗಿದೆ.

ಶಿವಾಜಿನಗರದ ಆ ಕುದುರೆಗೆ ಲಾಳ ಕಟ್ಟುವವರು ಒಬ್ಬ ಮುದುಕರು. ಅವರನ್ನು ನಾಲ್‌ಬಂದ್ ಅಂತ ಕರೆಯುತ್ತಾರೆ. ಕಣ್ಣು ಮಂಜಾಗಿದೆ, ಸೊಂಟ ಬಗ್ಗುವುದಿಲ್ಲ. ಮಗ ಇಂದಿರಾನಗರದಲ್ಲಿ ಬೈಕ್ ಡೆಲಿವರಿ ಮಾಡುತ್ತಾನೆ. ಅವನನ್ನು ತಪ್ಪು ಅನ್ನಲಾರೆ. ದಿನಕ್ಕೆ ಒಂದು ಕುದುರೆ ಸಿಗದ ಕಸುಬು ಇಟ್ಟುಕೊಂಡು ಯಾರು ಮದುವೆಯಾಗುತ್ತಾರೆ?

ಈಗ ನನಗೆ ನಿಜವಾಗಿ ಸಿಟ್ಟು ಬಂದ ವಿಷಯಕ್ಕೆ ಬರುತ್ತೇನೆ. ನಮ್ಮ ದೇಶದಲ್ಲಿ ಲಾಳ ಕಟ್ಟುವವರಿಗೆ ಕಾನೂನೇ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 1965ರಲ್ಲಿ ಲಾಳ ಕಟ್ಟುವವರ ಲೈಸೆನ್ಸಿಗೆ ಅಂತಲೇ ಪ್ರತ್ಯೇಕ ನಿಯಮ ಮಾಡಿದ್ದಾರೆ. ಲೈಸೆನ್ಸ್ ಇಲ್ಲದೆ ಎತ್ತಿಗಾಗಲಿ ಕುದುರೆಗಾಗಲಿ ಲಾಳ ಕಟ್ಟುವ ಕಸುಬು ಮಾಡುವಂತಿಲ್ಲ. ಬ್ರಿಟನ್ನಿನಲ್ಲಿ ಲಾಳಗಾರರ ನೋಂದಣಿ ಕಾಯ್ದೆ ಬಂದದ್ದು 1975ರಲ್ಲಿ, ನಮಗಿಂತ 10 ವರ್ಷ ತಡವಾಗಿ. ಅವರು ಅದನ್ನು ಜಾರಿ ಮಾಡಿದರು. ಅಲ್ಲಿ ಗುರುವಿನ ಕೈಕೆಳಗೆ ಸುಮಾರು ನಾಲ್ಕು ವರ್ಷ ಕಲಿತು, ಪರೀಕ್ಷೆ ಪಾಸಾಗಿ, ಹೆಸರು ನೋಂದಾಯಿಸದವನು ಕುದುರೆಗೆ ಲಾಳ ಹೊಡೆದರೆ ಅಪರಾಧ. ನಮ್ಮ ನಾಲ್‌ಬಂದ್ ಮುದುಕರಿಗೆ ಲೈಸೆನ್ಸ್ ಇದೆಯಾ ಅಂತ ಕೇಳಿದೆ. ಡ್ರೈವಿಂಗ್ ಲೈಸೆನ್ಸ್ ಅಂದುಕೊಂಡರು.

ಇದೇ ಕಾಯ್ದೆಯ ಇನ್ನೊಂದು ಭಾಗ ಮಾತ್ರ ಎಲ್ಲರಿಗೂ ಬಾಯಿಪಾಠ. ಕುಂಟುವ ಪ್ರಾಣಿಯನ್ನು ದುಡಿಸಿದರೆ ಮೊದಲ ಸಲ 10ರಿಂದ 50 ರೂಪಾಯಿ ದಂಡ. ಹೌದು, ಐವತ್ತು ರೂಪಾಯಿ. 1960ರ ದರ ಇನ್ನೂ ಹಾಗೇ ಇದೆ. ಪ್ರಾಣಿಪ್ರಿಯರು ಇದನ್ನು ಸಾವಿರಗಟ್ಟಲೆ ಮಾಡಿ ಅನ್ನುತ್ತಾರೆ. ಮಾಡಲಿ, ನನ್ನ ತಕರಾರಿಲ್ಲ. ಆದರೆ ಸಾವಿರ ರೂಪಾಯಿ ದಂಡ ಹಾಕಿದರೆ ಒಡೆದ ಗೊರಸು ಕೂಡಿಕೊಳ್ಳುತ್ತದಾ? ದಂಡ ಕಟ್ಟಿದವನು ಮುಂದಿನ ತಿಂಗಳ ಲಾಳದ ದುಡ್ಡಿನಲ್ಲೇ ಅದನ್ನು ಉಳಿಸುತ್ತಾನೆ.

ಇನ್ನು ಕೆಲವರು, ಊರಿನಲ್ಲಿ ಕುದುರೆಯೇ ಬೇಡ, ಎಲ್ಲ ನಿಷೇಧಿಸಿ ಅನ್ನುತ್ತಾರೆ. ನಿಷೇಧಿಸಿದ ಮರುದಿನ ಆ ಕುದುರೆ ಎಲ್ಲಿಗೆ ಹೋಗುತ್ತದೆ ಅಂತಲೂ ಅವರೇ ಹೇಳಲಿ. ದುಡಿಮೆ ನಿಂತ ಕುದುರೆಯನ್ನು ರಿಂಗ್ ರೋಡಿನ ಕಸದ ರಾಶಿ ಹತ್ತಿರ ಮೇಯಲು ಬಿಟ್ಟದ್ದನ್ನು ನಾವೆಲ್ಲ ನೋಡಿದ್ದೇವೆ.

ಸರ್ಕಾರಕ್ಕೆ ಪೂರ್ವ ಬೆಂಗಳೂರಿನ ಕುದುರೆಗಳು ನೆನಪಾಗುವುದು ರೋಗ ಬಂದಾಗ. 2024ರಲ್ಲಿ ಡಿ.ಜೆ.ಹಳ್ಳಿಯ ಒಂದು ಕುದುರೆಗೆ ಗ್ಲ್ಯಾಂಡರ್ಸ್ ಬಂತು. ಕೂಡಲೇ ಸುತ್ತಲಿನ 5 ಕಿಲೋಮೀಟರ್ ರೋಗಪೀಡಿತ ವಲಯ ಅಂತ ಆದೇಶವಾಯಿತು, ಕುದುರೆಗಳ ಓಡಾಟ ನಿಂತಿತು. ಸರಿಯಾದ ಕೆಲಸವೇ, ಅದು ಮನುಷ್ಯರಿಗೂ ಹರಡುವ ರೋಗ. ಆದರೆ ರೇಸ್‌ಕೋರ್ಸಿಗೆ ಅಪಾಯ ಅಂದಾಗ ಗಲ್ಲಿ ಗಲ್ಲಿಯ ಕುದುರೆ ಕಣ್ಣಿಗೆ ಬೀಳುತ್ತದೆ ಅಂತಾದರೆ, ಉಳಿದ ದಿನ ಅವುಗಳ ಕಾಲು ಯಾಕೆ ಕಾಣುವುದಿಲ್ಲ?

ವಿದ್ಯೆ ಇಲ್ಲ ಅನ್ನುವ ಹಾಗೂ ಇಲ್ಲ. 1809ರಲ್ಲಿ ಶುರುವಾದ ದಂಡು ಪ್ರದೇಶ ಇದು. ಕಾಮರಾಜ್ ರಸ್ತೆಯ ಹಳೆಯ ಹೆಸರೇ ಕ್ಯಾವಲ್ರಿ ರಸ್ತೆ, ಅಂದರೆ ಕುದುರೆ ದಂಡಿನ ರಸ್ತೆ. ಇವತ್ತಿಗೂ ರೇಸ್‌ಕೋರ್ಸಿನ ಕುದುರೆಗೆ ಹಗುರವಾದ ಅಲ್ಯೂಮಿನಿಯಂ ಲಾಳ ಅಳತೆ ನೋಡಿ ಕಟ್ಟುತ್ತಾರೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹಲಸೂರಿನ ಆಚೆ ಸೇನೆಯ ಎಎಸ್‌ಸಿ ಕೇಂದ್ರ ಇದೆ, ಕುದುರೆ-ಹೇಸರಗತ್ತೆಗಳ ಕೆಲಸ ತಲೆಮಾರುಗಳಿಂದ ಬಲ್ಲ ದಳ. ಇವೆಲ್ಲದರ ನಡುವೆ ಮೂರು ಕಾಲಿನಲ್ಲಿ ಒಂದು ಕುದುರೆ ಟಿನ್ ಫ್ಯಾಕ್ಟರಿಯಲ್ಲಿ ನಿಂತಿರುತ್ತದೆ. ಹತ್ತು ಹುಡುಗರಿಗೆ ಆರು ತಿಂಗಳು ಭತ್ಯೆ ಕೊಟ್ಟು ಕಲಿಸಿ, ಕಾನೂನಿನಲ್ಲಿರುವ ಲೈಸೆನ್ಸನ್ನು ಅವರ ಕೈಗೆ ಕೊಟ್ಟು, ಶಿವಾಜಿನಗರದಲ್ಲಿ ವಾರಕ್ಕೆ ಒಂದು ದಿನ ಲಾಳದ ಕ್ಯಾಂಪ್ ಹಾಕಿದರೆ ಸಾಕು. ಉಳಿದ ದಿನ ಅದೇ ಹುಡುಗರು ಹೊಸಕೋಟೆ, ಮಾಲೂರು, ದೇವನಹಳ್ಳಿಯ ಎತ್ತುಗಳ ಹತ್ತಿರ ಬರಲಿ. ಇದಕ್ಕೆ ಮೇಲ್ಸೇತುವೆಯ ಒಂದು ಕಂಬದಷ್ಟು ದುಡ್ಡೂ ಬೇಡ.

ಮಾಲೀಕರನ್ನು ಸಾಚಾ ಅಂತ ನಾನು ಹೇಳುತ್ತಿಲ್ಲ. ಗೊರಸು ಒಡೆದದ್ದು ಕಾಣಬಾರದು ಅಂತ ಗ್ಯಾರೇಜಿನ ಕರಿ ಆಯಿಲ್ ಬಳಿಯುವವರಿದ್ದಾರೆ. ಸವೆದ ಲಾಳವನ್ನೇ ಹಳೇ ತೂತಿಗೆ ಮತ್ತೆ ಹೊಡೆಸುವವರಿದ್ದಾರೆ. ಲಾಳ ಚಿಕ್ಕದಾದರೆ ಗೊರಸನ್ನೇ ಅರ ಹಾಕಿ ಲಾಳಕ್ಕೆ ಹೊಂದಿಸುತ್ತಾರೆ. ಚಪ್ಪಲಿ ಸಣ್ಣದಾಯಿತು ಅಂತ ಕಾಲು ಕೆತ್ತಿದ ಹಾಗೆ. ಹೊಟ್ಟೆ ತುಂಬಲಿ ಅಂತ ಬರೀ ಬೂಸಾ ಸುರಿಯುತ್ತಾರೆ. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಕುದುರೆಯ ಮೂಳೆಗೆ ಅದು ಒಳ್ಳೆಯದಲ್ಲ. ನಾನು ಇದನ್ನೆಲ್ಲ ಆ ಮಾಲೀಕರಿಗೆ ಮುಖಕ್ಕೇ ಹೇಳಿದೆ. ಅರ್ಧಕ್ಕೆ ಹೌದು ಅಂದರು, ಅರ್ಧಕ್ಕೆ ಸುಮ್ಮನಾದರು. ಆಮೇಲೆ ಅವರು ಹೇಳಿದ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

"ಡಾಕ್ಟರು ಹೇಳಿದ್ದಾರೆ ಸಾರ್, ಲಾಳ ಬಿಚ್ಚಿ, ಮೂರು ನಾಲ್ಕು ತಿಂಗಳು ಮೆತ್ತನೆ ಮಣ್ಣಲ್ಲಿ ಬಿಡಿ, ಹೊಸಾ ಗೊರಸು ಬರುತ್ತೆ ಅಂತ. ನಿಜಾನೇ. ಅಷ್ಟು ದಿನ ಅದರ ಹೊಟ್ಟೆಗೆ ಯಾರು ಹಾಕ್ತಾರೆ? ನಮ್ಮ ಹೊಟ್ಟೆಗೆ? ಶಿವಾಜಿನಗರದಲ್ಲಿ ಮಣ್ಣು ಎಲ್ಲಿದೆ, ನೀವೇ ತೋರಿಸಿ."

ಊರಿನವರಾದ ನಾವೂ ಇದರಲ್ಲಿ ಇದ್ದೇವೆ. ನಮ್ಮ ಮದುವೆ ಮೆರವಣಿಗೆಗೆ, ಜಾತ್ರೆಗೆ, ಗೆದ್ದವರ ಹಾರ ತುರಾಯಿಗೆ ಕುದುರೆ ಬರುವುದು ಹೀಗೇ ಎಲ್ಲಿಂದಲೋ. ಟೆಂಪೋ ಬಾಡಿಗೆ ಕೊಡಲ್ಲ, ನಡೆಸಿಕೊಂಡೇ ಬನ್ನಿ ಅಂತ ಚೌಕಾಸಿ ಮಾಡುವವರು ನಾವೇ. ಶಿವಾಜಿನಗರದಿಂದ ಹೊಸಕೋಟೆಗೆ ಹಳೇ ಮದ್ರಾಸ್ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರಿಗೂ ಮೇಲೆ, ಎಲ್ಲ ಟಾರು, ಕಾಂಕ್ರೀಟು. ಬಂದ ಮೇಲೆ ಡಿಜೆ ಮುಂದೆ ಎರಡು ಗಂಟೆ ಕುಣಿಸುತ್ತೇವೆ. ಪ್ರೀತಿ ಉಕ್ಕಿ ಬಕೆಟ್ಟುಗಟ್ಟಲೆ ಅನ್ನ, ಲಾಡು ತಿನ್ನಿಸುತ್ತೇವೆ. ಹಾಗೆ ಒಮ್ಮೆಲೇ ಕಾಳು, ಸಕ್ಕರೆ ಹೆಚ್ಚಾದರೆ ಗೊರಸಿನ ಒಳಗೇ ಉರಿಯೂತವಾಗಿ ಕುದುರೆ ನಿಲ್ಲಲಾರದ ಹಾಗಾಗುತ್ತದೆ. ಮುಂದಿನ ಸಲ ಕುದುರೆ ಗೊತ್ತುಮಾಡುವಾಗ ಬಣ್ಣ ನೋಡುವ ಮೊದಲು ಕಾಲು ಎತ್ತಿಸಿ ನೋಡಿ. ಮೊಳೆಯ ತುದಿ ಗೊರಸಿನಿಂದ ಎದ್ದು ನಿಂತಿದೆಯಾ, ನಡೆದರೆ ಲಾಳ ಟಿಕ್ ಟಿಕ್ ಅಂತ ಅಲುಗಾಡುತ್ತದಾ, ಅಡಿಯಿಂದ ನಾತ ಬರುತ್ತದಾ. ಹಾಗಿದ್ದರೆ ಅದನ್ನು ಬೇಡ ಅನ್ನಿ. ಕಾಲು ಚೆನ್ನಾಗಿರುವ ಕುದುರೆಗೆ ಐನೂರು ಹೆಚ್ಚು ಕೇಳಿದರೆ ಕೊಡಿ. ಆ ಐನೂರರಲ್ಲೇ ಲಾಳ ಇರುವುದು.

ನನ್ನ ಆ ಆರು ಸಾಲಿನ ಸುದ್ದಿಯನ್ನು ತೆಗೆದುಹಾಕಿ ಅಂತ ಪೋರ್ಟಲ್ಲಿನವರಿಗೆ ಮೂರು ಸಲ ಮೆಸೇಜ್ ಹಾಕಿದ್ದೇನೆ. ಇನ್ನೂ ಇದೆ, ಓದಿದವರ ಲೆಕ್ಕ ಏರುತ್ತಲೇ ಇದೆ. ಹೋದ ವಾರ ಮತ್ತೆ ಆ ಗಲ್ಲಿಗೆ ಹೋಗಿದ್ದೆ. ನಾಲ್‌ಬಂದ್ ಮುದುಕರು ಹುಷಾರಿಲ್ಲದೆ ಮಲಗಿದ್ದರು. ಕುದುರೆಯ ಮುಂದಿನ ಬಲಗಾಲಿಗೆ ಗೋಣಿತಟ್ಟು ಸುತ್ತಿ, ಸೈಕಲ್ ಟ್ಯೂಬಿನಲ್ಲಿ ಕಟ್ಟಿದ್ದರು. ಶುಕ್ರವಾರ ಕೆ.ಆರ್.ಪುರದಲ್ಲಿ ಒಂದು ಮದುವೆ ಇದೆಯಂತೆ, ಅಡ್ವಾನ್ಸ್ ಈಗಾಗಲೇ ತಗೊಂಡಾಗಿದೆ.